ತಿಗಣೆಯ ಕಾಟವೂ ಕಾಳಿನ ಮಾತ್ರೆಯ ಅಪಾಯವೂ

ಬೆಂಗಳೂರಿನ ನಂದಿನಿ ಲೇಔಟ್, ಲಗ್ಗೆರೆ, ಪೀಣ್ಯಗಳ ಕಡೆ ಕಾರ್ಖಾನೆಯ ಕೆಲಸಗಾರರು ನಾಲ್ಕಾರು ಮಂದಿ ಒಂದೇ ಕೊಠಡಿಯಲ್ಲಿ ವಾಸಮಾಡುವುದುಂಟು. ಹಗಲು ಪಾಳಿಯವನು ಬಿಟ್ಟೆದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಇಂಥಾ ಕಡೆ ತಿಗಣೆಗೆ ಆಹಾರದ ಕೊರತೆಯಿಲ್ಲ. ಹಬ್ಬಕ್ಕೆ ಬರುವ ಹುಡುಗನ ಪೆಟ್ಟಿಗೆಯೊಡನೆ ಅದು ಹಳ್ಳಿಯ ಮನೆಯನ್ನೂ ಸೇರುವುದರಿಂದ ಗ್ರಾಮದ ಮುಖಂಡರೂ, ಪಟ್ಟಣದಲ್ಲಿ ಬಾಡಿಗೆಯ ಕೊಠಡಿಗಳನ್ನು ಕಟ್ಟಿಸಿರುವ ಜಮೀನುದಾರರೂ ಈ ವಿಷಯವನ್ನು ಅವಶ್ಯವಾಗಿ ಗಮನಿಸತಕ್ಕದ್ದು.

ತಿಗಣೆಯು ಮನುಷ್ಯರಲ್ಲಿ ರೋಗವನ್ನು ಹರಡುವುದೆಂದು ಇದುವರೆಗೆ ಸಿದ್ಧಪಟ್ಟಿಲ್ಲ. ಹಾಗೆಂದು ಉದಾಸೀನ ಮಾಡಲಾಗದು. ಕಚ್ಚಿದೆಡೆ ದದ್ದು ಏಳುವುದು. ಕೆರೆದ ಗಾಯವು ಕೀವುಗಟ್ಟುವುದು. ನಿದ್ರೆಗೆಟ್ಟವನು ಯಂತ್ರದ ಮುಂದೆ ತೂಕಡಿಸುವನು. ಕಾಟವು ವಿಪರೀತವಾದಲ್ಲಿ ರಕ್ತಹೀನತೆಯೂ ಉಂಟಾಗುವುದು.

ಆದರೆ ಪ್ರಾಣ ತೆಗೆಯುವುದು ತಿಗಣೆಯಲ್ಲ, ಅದಕ್ಕೆಂದು ಇಡುವ ವಿಷ. 2022ರಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಕೀಟನಾಶಕ ಸಿಂಪಡಿಸಿದ್ದ ಬಾಡಿಗೆಯ ಮನೆಗೆ ಹಿಂದಿರುಗಿದ ಕುಟುಂಬದ ಮಗುವೊಂದು ತೀರಿಕೊಂಡಿತು. 2025ರಲ್ಲಿ ಅದೇ ನಗರದ ವಸತಿಗೃಹವೊಂದರಲ್ಲಿ, ತಿಗಣೆಗೆಂದು ಔಷಧಿ ಹೊಡೆದಿದ್ದ ಕೊಠಡಿಯಲ್ಲಿ ಮಲಗಿದ ವಿದ್ಯಾರ್ಥಿಯು ಮೃತಪಟ್ಟನೆಂದು ವರದಿಯಾಯಿತು.

ಕಾಳಿಗೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಂಚದ ಕೆಳಗಿಡುವ ಅವಿವೇಕವೂ ಕೆಲವರಲ್ಲುಂಟು. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲವು ಹೊರಟು, ಬಾಗಿಲ ಸಂದಿನಿಂದ ಪಕ್ಕದ ಕೊಠಡಿಗೂ ನುಗ್ಗುವುದು. ಇದಕ್ಕೆ ಪ್ರತಿವಿಷವಿಲ್ಲ. ಈ ಮಾತ್ರೆಯು ತರಬೇತಿ ಹೊಂದಿದವರ ಕೈಯಲ್ಲಿರತಕ್ಕ ವಸ್ತುವೇ ಹೊರತು ಮಲಗುವ ಮನೆಗೆ ತರತಕ್ಕದ್ದಲ್ಲ. ಬೆಳೆಯ ಔಷಧಿಯನ್ನು ಹಾಸಿಗೆಗೆ ಎರಚುವುದೂ ಅಷ್ಟೇ ಕೆಟ್ಟದ್ದು. ಡಬ್ಬಿಯ ಚೀಟಿಯಲ್ಲಿ ಬೆಳೆಯ ಹೆಸರನ್ನು ಅಚ್ಚುಹಾಕಿರುವುದು ಸುಮ್ಮನೆಯಲ್ಲ. ಔಷಧಿ ಇಟ್ಟ ಮನೆಯಲ್ಲಿ ಯಾರಿಗಾದರೂ ವಾಂತಿ, ತಲೆಸುತ್ತು, ಎದೆಬಿಗಿತ ಕಂಡರೆ ಕೂಡಲೇ ಹೊರಗೆ ಗಾಳಿಗೆ ತಂದು, ಔಷಧಿಯ ಹೆಸರನ್ನು ತಿಳಿದುಕೊಂಡು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವಿಷವನ್ನೇ ನಂಬಿ ಪ್ರಯೋಜನವೂ ಕಡಿಮೆ. 1950ರ ದಶಕದಲ್ಲಿ ಮಲೇರಿಯಾ ನಿವಾರಣೆಗಾಗಿ ಮನೆಮನೆಗೆ ಡಿ.ಡಿ.ಟಿ. ಹೊಡೆದಾಗ ಮೊದಲು ತಿಗಣೆಗಳೂ ಸತ್ತವು. ಬರುಬರುತ್ತಾ ಅದಕ್ಕೆ ಒಗ್ಗಿಕೊಂಡವು. ಕೊಠಡಿಗೆ ಬೀಗ ಹಾಕಿದರೂ ಸಾಯವು, ತಿಂಗಳುಗಟ್ಟಲೆ ಉಪವಾಸವಿರಬಲ್ಲವು.

ಶಾಖವೇ ಉತ್ತಮ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಒಳಗಿನವರೆಗೆ ಚೆನ್ನಾಗಿ ತಗುಲಿದರೆ ಹುಳುವೂ ಮೊಟ್ಟೆಯೂ ಉಳಿಯವು. ಹೊದಿಕೆಗಳನ್ನು ಕುದಿಸಿ, ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ದು, ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿಸಬೇಕು. ಬರಿಯ ಬಿಸಿಲಿಗೆ ಹಾಕಿದರೆ ಅವು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುವವು. ಸಾಲುಕೊಠಡಿಗಳಿದ್ದರೆ ಎಲ್ಲವನ್ನೂ ಒಂದೇ ದಿನ ಶುದ್ಧಿಮಾಡಿಸಿ, ಉಳಿದ ಮೊಟ್ಟೆಗಳು ಒಡೆಯುವ ಹೊತ್ತಿಗೆ, ಅಂದರೆ ಹತ್ತು ಹನ್ನೆರಡು ದಿನಗಳಲ್ಲಿ, ಇದೇ ಕೆಲಸವನ್ನು ಮತ್ತೊಮ್ಮೆ ಮಾಡಿಸತಕ್ಕದ್ದು.