ಧರೆಯ ಬಿಲ, ಜಗತ್ತಿನ ಸಂತೆ

ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಧರೆಗಳಿವೆ. ಗುಡ್ಡ ಕಡಿದು ರಸ್ತೆ ಮಾಡಿದಾಗ ನಿಂತ ಕೆಮ್ಮಣ್ಣಿನ ಗೋಡೆಗಳು, ಅಡಿಕೆ ತೋಟದ ಅಗಳದ ಬದಿಗಳು, ಸೊಪ್ಪಿನಬೆಟ್ಟಕ್ಕೆ ಹತ್ತುವ ಕಾಲುದಾರಿಯ ಅಂಚುಗಳು. ಪಶ್ಚಿಮಘಟ್ಟದಲ್ಲಿ ನೆಲದ ಟರಂಟುಲಾಗಳು ಬಿಲ ತೋಡುವುದು ಹೆಚ್ಚಾಗಿ ಇಂಥ ಧರೆಗಳಲ್ಲೇ. ರೋಮ ತುಂಬಿದ ಈ ದೊಡ್ಡ ಜೇಡ ಬಿಲದ ಒಳಮೈಗೆ ತನ್ನ ನೂಲನ್ನೇ ಹಾಸುತ್ತದೆ, ಹಗಲೆಲ್ಲ ಒಳಗಿರುತ್ತದೆ, ಕತ್ತಲಾದ ಮೇಲೆ ಬಾಯಿಗೆ ಬಂದು ಕೂತು ಹತ್ತಿರ ಸುಳಿದ ಮಿಡತೆ, ಜಿರಲೆಗಳನ್ನು ಹಿಡಿಯುತ್ತದೆ. ದಿನವೂ ಆ ದಾರಿಯಲ್ಲಿ ಓಡಾಡುವವರಲ್ಲೂ ಹೆಚ್ಚಿನವರು ಇದನ್ನು ಕಂಡಿರಲಾರರು. ಆದರೆ ಯುರೋಪು, ಅಮೆರಿಕ, ಜಪಾನುಗಳಲ್ಲಿ ಟರಂಟುಲಾಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸಿಗಳ ದೊಡ್ಡ ಸಮುದಾಯವೇ ಇದೆ. ಅವರಿಗೆ ಭಾರತದ ಜೇಡಗಳು ಚೆನ್ನಾಗಿ ಗೊತ್ತು. ಆ ಹವ್ಯಾಸವನ್ನು ಹಳಿಯಬೇಕಾಗಿಲ್ಲ. ಕೇಳಬೇಕಾದ್ದು, ಆ ಪೆಟ್ಟಿಗೆಗೆ ಜೇಡ ಎಲ್ಲಿಂದ ಬಂತು ಮತ್ತು ಅದು ಹೊರಟುಹೋದ ಧರೆಯಲ್ಲಿ ಏನು ಉಳಿಯಿತು ಎಂಬುದನ್ನು.

ಈ ಪ್ರಾಣಿಯ ಬಾಳಿನ ಲೆಕ್ಕ ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಸಿಗದು. ನೂರಾರು ಮೊಟ್ಟೆಯಿಡುವ ಜೀವಿ ಹಿಡಿದಷ್ಟೂ ಹುಟ್ಟುತ್ತದೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಟರಂಟುಲಾದ ವಿಷಯದಲ್ಲಿ ಅದು ತಪ್ಪು. ಹೆಣ್ಣು ಬೆಳೆದು ಮೊಟ್ಟೆಯಿಡುವ ಹಂತಕ್ಕೆ ಬರಲು ವರ್ಷಗಳೇ ಬೇಕು. ಬಂದ ಮೇಲೆ ಅದು ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಗಂಡು ಮಾತ್ರ ಪ್ರಾಯಕ್ಕೆ ಬಂದ ಮೇಲೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತಾ ಅಲೆದು ಬೇಗ ಸಾಯುತ್ತದೆ. ಹಲವು ಸಣ್ಣ ಜೇಡಗಳ ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ದೂರ ಹೋಗುತ್ತವೆ. ಟರಂಟುಲಾ ಮರಿಗಳು ಸಾಮಾನ್ಯವಾಗಿ ನಡೆದೇ ಹೋಗಬೇಕು, ಹೀಗಾಗಿ ತಾಯಿಯ ಬಿಲದಿಂದ ಬಹಳ ದೂರ ಹೋಗುವುದಿಲ್ಲ. ಒಂದೇ ಧರೆಯಲ್ಲಿ ಬಿಲಗಳ ಗುಂಪು ಕಾಣುವುದಕ್ಕೂ ಪಕ್ಕದ ಧರೆ ಖಾಲಿ ಇರುವುದಕ್ಕೂ ಇದೇ ಕಾರಣ. ಹಿಡಿಯುವವನಿಗೆ ಈ ಗುಂಪೇ ಅನುಕೂಲ. ಬಿಲದಲ್ಲಿ ಕೂತು ಸಿಗುವುದೂ ಹೆಚ್ಚು ಬೆಲೆ ಬಾಳುವುದೂ ಬೆಳೆದ ಹೆಣ್ಣೇ. ಒಂದು ರಾತ್ರಿ ಒಂದು ಧರೆಯನ್ನು ಬಗೆದರೆ ಅಲ್ಲಿನ ಹಲವು ವರ್ಷಗಳ ಸಂತಾನ ಹೋದಂತೆ. ದೂರದಿಂದ ಇನ್ನೊಂದು ಗುಂಪು ಬಂದು ಆ ಜಾಗ ತುಂಬುವ ಸಾಧ್ಯತೆಯೂ ಕಡಿಮೆ.

ಸಂಗ್ರಹ ಮುಂದೆ ಓಡಿ ರಕ್ಷಣೆ ಹಿಂದೆ ಉಳಿಯುತ್ತದೆ ಎಂಬುದಕ್ಕೆ ಭಾರತದ ಮರವಾಸಿ ಟರಂಟುಲಾಗಳ ಕಥೆ ಸಾಕ್ಷಿ. ಪೊಯ್ಸಿಲೋಥೀರಿಯಾ ಕುಲದ ಈ ಜೇಡಗಳು ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರದ ಪೊಟರೆಯಲ್ಲಿ, ಸಡಿಲ ತೊಗಟೆಯ ಹಿಂದೆ ಇವುಗಳ ವಾಸ. ಮೈಮೇಲೆ ಕಸೂತಿಯಂಥ ಚಿತ್ತಾರ. ಬ್ರಿಟಿಷ್ ಪ್ರಾಣಿವಿಜ್ಞಾನಿ ಆರ್. ಐ. ಪೊಕಾಕ್ 1895ರಲ್ಲಿ ವಿವರಿಸಿದ ಸ್ಟ್ರಿಯಾಟಾ ಎಂಬ ಪ್ರಭೇದ ವಿದೇಶಿ ಮಾರಾಟಗಾರರ ಪಟ್ಟಿಯಲ್ಲಿ ಮೈಸೂರಿನ ಹೆಸರು ಹೊತ್ತು ನಿಂತಿದೆ. ಅವರೇ 1899ರಲ್ಲಿ ಆಂಧ್ರದ ಗುತ್ತಿಯಲ್ಲಿ ಸಿಕ್ಕ ಮಾದರಿಯಿಂದ ನೀಲಿ ಬಣ್ಣದ ಮೆಟಾಲಿಕಾವನ್ನು ವಿವರಿಸಿದರು. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇರಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು, ಕೆಲವೇ ವರ್ಷಗಳಲ್ಲಿ ಜಗತ್ತಿನ ಹವ್ಯಾಸಿಗಳ ಕೈಯಲ್ಲಿತ್ತು. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ತೀವ್ರ ಅಳಿವಿನ ಅಂಚಿನ ಪ್ರಾಣಿ ಎಂದು ಗುರುತಿಸಿತು. ಇಡೀ ಕುಲ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಲು 2019ರ ಜಿನೀವಾ ಸಮಾವೇಶದವರೆಗೆ ಕಾಯಬೇಕಾಯಿತು. ಆ ಪ್ರಸ್ತಾವ ಮುಂದಿಟ್ಟ ದೇಶಗಳು ಶ್ರೀಲಂಕಾ ಮತ್ತು ಅಮೆರಿಕ. ಈ ಕುಲದ ಅರ್ಧದಷ್ಟು ಪ್ರಭೇದಗಳಿಗೆ ನೆಲೆಯಾದ ಭಾರತದ ಹೆಸರು ಪ್ರಸ್ತಾವಕರ ಸಾಲಿನಲ್ಲಿ ಇರಲಿಲ್ಲವೆಂಬುದು ಬೇಸರದ ಸಂಗತಿ.

ಎರಡನೇ ಅನುಬಂಧ ವ್ಯಾಪಾರವನ್ನು ಪೂರ್ತಿ ನಿಲ್ಲಿಸುವುದಿಲ್ಲ. ಗಡಿ ದಾಟುವ ಪ್ರತಿ ಜೇಡಕ್ಕೂ ರಫ್ತು ದೇಶದ ಪರವಾನಗಿ ಇರಬೇಕು, ಆ ರಫ್ತಿನಿಂದ ಕಾಡಿನ ಸಂತತಿಗೆ ಹಾನಿಯಿಲ್ಲ ಎಂದು ಆ ದೇಶದ ವಿಜ್ಞಾನಿಗಳು ಹೇಳಿರಬೇಕು. ಅದಕ್ಕಿಂತ ಮುಖ್ಯವಾಗಿ, ಆಮದು ದೇಶದ ಕಸ್ಟಮ್ಸ್ ಅಧಿಕಾರಿಗೆ ಕಾಗದ ಎಲ್ಲಿ ಎಂದು ಕೇಳುವ ಅಧಿಕಾರ ಸಿಗುತ್ತದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಸೈಟಿಸ್ ಪಟ್ಟಿಗೇ ಪ್ರತ್ಯೇಕ ಅನುಸೂಚಿ ಬಂತು. ಮರದ ಜೇಡ ಹೀಗೆ ಕಾನೂನಿನ ಒಳಗೆ ಬಂತು. ಧರೆಯ ಜೇಡ? ಉತ್ತರ ಕನ್ನಡದ ಮಾದರಿಗಳಿಂದ ಪೊಕಾಕ್ 1899ರಲ್ಲಿ ಹೆಸರಿಸಿದ ತ್ರಿಗ್ಮೊಪೀಯಸ್, ಪಶ್ಚಿಮಘಟ್ಟದ ಹ್ಯಾಪ್ಲೊಕ್ಲಾಸ್ಟಸ್ ಮುಂತಾದ ಬಿಲವಾಸಿಗಳು ಸೈಟಿಸ್ ಪಟ್ಟಿಯಲ್ಲಿ ಇಲ್ಲ. ಭಾರತದ ಟರಂಟುಲಾಗಳಲ್ಲಿ ಆ ಪಟ್ಟಿ ಕಾಯುತ್ತಿರುವುದು ಮರವಾಸಿ ಕುಲವೊಂದನ್ನೇ. ಸಾಗರದ ಧರೆಯ ಜೇಡಗಳ ಸ್ಥಿತಿಯೂ ಇದೇ. ಮರದ ಜೇಡಕ್ಕೆ ಬಾಗಿಲು ಬಿಗಿಯಾದಷ್ಟೂ ಹೊಸತನ್ನು ಹುಡುಕುವ ಸಂಗ್ರಾಹಕನ ಕಣ್ಣು ನೆಲದ ಜೇಡದ ಮೇಲೆ ಬೀಳುತ್ತದೆ. ಇದು ಬರೀ ಅನುಮಾನವಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಜಾಲತಾಣಗಳ ಮಾರಾಟವನ್ನು ಜಾಲಾಡಿ, ಜೇಡ ಮತ್ತು ಚೇಳುಗಳ ವರ್ಗದ 1,264 ಪ್ರಭೇದಗಳು ಮಾರುಕಟ್ಟೆಯಲ್ಲಿರುವುದನ್ನು ಪತ್ತೆಹಚ್ಚಿತು. ವಿಜ್ಞಾನಕ್ಕೆ ಗೊತ್ತಿರುವ ಟರಂಟುಲಾ ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು ಅದರಲ್ಲಿದ್ದವು. ಮಾರಾಟದಲ್ಲಿದ್ದ ಒಟ್ಟು ಪ್ರಭೇದಗಳಲ್ಲಿ ಸೈಟಿಸ್ ನಿಗಾ ಇದ್ದದ್ದು ಶೇ 2ರಷ್ಟಕ್ಕೆ.

ಸಾಕುವವರೇ ಮರಿ ಮಾಡಿಸುತ್ತಾರಲ್ಲ, ಕಾಡಿನಿಂದ ತರುವ ಅಗತ್ಯವೆಲ್ಲಿದೆ ಎಂಬ ಮಾತಿದೆ. ಇದರಲ್ಲಿ ಸತ್ಯವಿದೆ. ಈಗ ಮಾರಾಟವಾಗುವ ಎಷ್ಟೋ ಟರಂಟುಲಾಗಳು ಪೆಟ್ಟಿಗೆಯಲ್ಲೇ ಹುಟ್ಟಿದವು. ಆದರೆ ಸೈಟಿಸ್ ಪ್ರಕಾರ ಸಾಕಿ ಬೆಳೆಸಿದ್ದು ಎನಿಸಿಕೊಳ್ಳಲು ಮೂಲ ತಾಯ್ತಂದೆಯೂ ಕಾನೂನುಬದ್ಧವಾಗಿ ಬಂದಿರಬೇಕು. ಕದ್ದು ಒಯ್ದ ತಾಯಿಯ ಮರಿ ಎರಡು ತಲೆಮಾರಿನಲ್ಲಿ ಶುದ್ಧವಾಗಿಬಿಡುವುದಾದರೆ ಮೊದಲ ಕಳವಿಗೇ ಬಹುಮಾನ ಕೊಟ್ಟಂತೆ. ಅಲ್ಲದೆ ಮರಿ ಬೆಳೆಯಲು ವರ್ಷಗಳು ಹಿಡಿಯುತ್ತವೆ, ಬೆಳೆದ ಕಾಡಿನ ಹೆಣ್ಣು ಇವತ್ತೇ ಸಿಗುತ್ತದೆ. ಉಗುರಿನಷ್ಟು ಮರಿಯನ್ನು ಸಣ್ಣ ಸೀಸೆಯಲ್ಲಿ ನೋಡಿ ಅದು ಎಲ್ಲಿಯದು, ಯಾವ ಪ್ರಭೇದದ್ದು ಎಂದು ಹೇಳುವುದು ಪರಿಣತರಿಗೂ ಕಷ್ಟ. 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಅಂಚೆ ಪೊಟ್ಟಣ ಬಿಚ್ಚಿದಾಗ ಹತ್ತಿ ಮತ್ತು ಬೆಳ್ಳಿಹಾಳೆ ಸುತ್ತಿದ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಮೂಲತಃ ಅವು ಅಮೆರಿಕ ಖಂಡಗಳ ಜಾತಿಗಳು. ಜೇಡಗಳನ್ನು ಕೊಳ್ಳುವವರು ನಮ್ಮಲ್ಲೂ ಇದ್ದಾರೆ ಎಂಬುದು ಅದರಿಂದ ಸ್ಪಷ್ಟ. ಪ್ರಭೇದವಾರು ಪಟ್ಟಿಗಿಂತ ಇಡೀ ಕುಲಗಳ ಪಟ್ಟಿಯೇ ಸರಿ ಎನ್ನಲು ಸೀಸೆಯ ಮರಿಗಳ ಪ್ರಭೇದ ಗುರುತಿಸುವ ತೊಡಕೇ ಸಾಕು.

ಮಲೆನಾಡಿನಲ್ಲಿ ಏಳುವ ಆಕ್ಷೇಪ ಬೇರೆ, ಅದು ಹೆಚ್ಚು ಗಂಭೀರವಾದದ್ದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು, ಅಕೇಶಿಯಾ ನೆಡುತೋಪು ಬಂತು, ರಸ್ತೆ ಅಗಲವಾಗುತ್ತಿದೆ, ಶರಾವತಿ ಭೂಗತ ವಿದ್ಯುತ್ ಯೋಜನೆಯ ಚರ್ಚೆ ಮುಗಿದಿಲ್ಲ. ಇಷ್ಟೆಲ್ಲದರ ನಡುವೆ ನಾಲ್ಕು ಜೇಡ ಹಿಡಿದವನಿಂದ ಏನು ನಷ್ಟ ಎಂದು ಕೇಳುವುದು ಸಹಜ. ಜೇಡಗಳಿಗೆ ನೆಲೆ ಕಳೆದುಕೊಳ್ಳುವುದೇ ದೊಡ್ಡ ಕುತ್ತು, ಸಂಶಯವಿಲ್ಲ. ಆದರೆ ನೆಲೆ ಕುಗ್ಗಿ ಉಳಿದ ಕೆಲವೇ ಗುಂಪುಗಳಿಂದ ಬೆಳೆದ ಹೆಣ್ಣುಗಳನ್ನು ಎತ್ತಿದಾಗಲೇ ಸಂಗ್ರಹದ ಪೆಟ್ಟು ಜೋರಾಗಿ ಬೀಳುವುದು. ಇದರ ಜೊತೆಗೇ ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಕಾಲದಿಂದ ಇಲ್ಲಿನ ರೈತರಲ್ಲಿ ಕೂತಿರುವ ಭಯವೂ ಇದೆ: ಒಂದು ಪ್ರಾಣಿ ಪಟ್ಟಿಗೆ ಸೇರಿದರೆ ನಾಳೆ ತೋಟದ ಧರೆ ಸವರಿದ್ದಕ್ಕೂ ಮೊಕದ್ದಮೆ ಬಂದೀತೇ? ಸೈಟಿಸ್ ಪಟ್ಟಿಗೆ ಸಂಬಂಧವಿರುವುದು ಗಡಿ ದಾಟುವ ವ್ಯಾಪಾರಕ್ಕೆ. ರೈತನ ಗುದ್ದಲಿಯನ್ನು ಅದು ಮುಟ್ಟುವುದಿಲ್ಲ. ಈ ವ್ಯತ್ಯಾಸವನ್ನು ಅರಣ್ಯ ಇಲಾಖೆ ಕನ್ನಡದಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ನಿಂತು ಬಿಡಿಸಿ ಹೇಳಬೇಕು. ಹೇಳದಿದ್ದರೆ ಜೇಡ ಕಂಡಲ್ಲಿ ಕೊಂದು ಸುಮ್ಮನಾಗುವುದೇ ಜಾಣತನ ಎನಿಸೀತು.

ಸಂಶೋಧಕರ ಕಳವಳವನ್ನೂ ತಳ್ಳಿಹಾಕಬಾರದು. 2008ರಲ್ಲಿ ಡಾರ್ಜಿಲಿಂಗಿನ ಸಿಂಗಲೀಲಾ ಉದ್ಯಾನದಲ್ಲಿ ಕೀಟ ಸಂಗ್ರಹಿಸಿದ ಇಬ್ಬರು ಜೆಕ್ ನಾಗರಿಕರ ಬಂಧನವಾದಾಗ ವಿಜ್ಞಾನ ವಲಯದಲ್ಲೇ ಪ್ರತಿಭಟನೆ ಎದ್ದಿತ್ತು. ಮಾದರಿ ಇಲ್ಲದೆ ಪ್ರಭೇದ ಗೊತ್ತಾಗುವುದಿಲ್ಲ. ಹಾಗಾಗಿ ಅಧ್ಯಯನಕ್ಕೆ ಅನುಮತಿ ಬೇಗ, ಸರಳವಾಗಿ ಸಿಗಬೇಕು. ಬದಲಿಗೆ ಸಂಶೋಧಕರೂ ಒಂದು ಸಂಯಮ ಪಾಲಿಸಬೇಕು: ಹೊಸ ಪ್ರಭೇದದ ನಿಖರ ಜಾಗ ಪ್ರಕಟವಾದ ಕ್ಷಣ ಅದು ಸಂಗ್ರಾಹಕನಿಗೆ ದಾರಿ ತೋರಿಸುವ ನಕ್ಷೆಯಾಗುತ್ತದೆ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಗೂ ಇದೇ ಎಚ್ಚರ ಬೇಕು. 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಅಂಬರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಈ ಸೀಮೆಯ ಜೀವವೈವಿಧ್ಯ ಸಮಿತಿಗಳು ಮರ, ಹಕ್ಕಿಗಳ ಜೊತೆ ಜೇಡದ ಧರೆಗಳನ್ನೂ ಬರೆದಿಟ್ಟುಕೊಳ್ಳಬಹುದು. ಊರಿನ ಹೆಸರನ್ನು ಹೊರಗೆ ಬಿಡದಿದ್ದರಾಯಿತು.

ಕೇಂದ್ರ ಸರ್ಕಾರ ಮುಂದಿನ ಸೈಟಿಸ್ ಸಮಾವೇಶದ ಮತದಾನಕ್ಕೆ ಕಾಯಬೇಕಾಗಿಯೂ ಇಲ್ಲ. ಒಪ್ಪಂದದ ಮೂರನೇ ಅನುಬಂಧಕ್ಕೆ ಯಾವುದೇ ಸದಸ್ಯ ದೇಶ ತನ್ನ ನೆಲದಲ್ಲಿ ಕಾನೂನಿನ ರಕ್ಷಣೆ ಪಡೆದ ಪ್ರಾಣಿಯ ಹೆಸರನ್ನು ಯಾವಾಗ ಬೇಕಾದರೂ, ಯಾರ ಒಪ್ಪಿಗೆಯನ್ನೂ ಕೇಳದೆ ಸೇರಿಸಬಹುದು. ಭಾರತ ಗುಳ್ಳೆನರಿಯನ್ನೂ ಮುಂಗುಸಿಯನ್ನೂ ಹಾಗೆ ಸೇರಿಸಿದೆ. ಪಶ್ಚಿಮಘಟ್ಟದ ಬಿಲವಾಸಿ ಟರಂಟುಲಾ ಕುಲಗಳನ್ನು ಮೊದಲು, ರೈತನ ಕೆಲಸಕ್ಕೆ ತೊಡಕಾಗದಂತೆ, ನಮ್ಮ ಕಾಯ್ದೆಯ ಅನುಸೂಚಿಯಲ್ಲಿ ಗಟ್ಟಿಮಾಡಿ, ನಂತರ ಅದೇ ದಾರಿಯಲ್ಲಿ ಮೂರನೇ ಅನುಬಂಧಕ್ಕೆ ಕಳುಹಿಸಬೇಕು. ಮೆಟಾಲಿಕಾಕ್ಕೆ ರಕ್ಷಣೆ ಬಂದದ್ದು ಅದು ಮಾರುಕಟ್ಟೆಗೆ ಹೋದ ಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜೇಡಗಳ ವಿಷಯದಲ್ಲಿ ಆ ಕೆಲಸವನ್ನು ಮೊದಲೇ ಮಾಡಿಕೊಳ್ಳಲು ಇನ್ನೂ ಅವಕಾಶವಿದೆ.