ಕ್ಷಯರೋಗಿಯ ಒಂದು ಕಾಲು ಬಾತರೆ



ಮನೆಯಲ್ಲಿ ಕ್ಷಯರೋಗಿಯೊಬ್ಬರಿದ್ದಾರೆ. ಔಷಧ ಆರಂಭವಾಗಿ ಎರಡು ಮೂರು ವಾರವಾಗಿದೆ. ಒಂದು ಬೆಳಿಗ್ಗೆ ನೋಡಿದರೆ ಅವರ ಒಂದೇ ಕಾಲು ಬಾತಿದೆ. ಮೀನಖಂಡ ಮುಟ್ಟಿದರೆ ನೋವು. ಉಳುಕಿರಬೇಕೆಂದು ತಾವು ಹರಳೆಣ್ಣೆ ಬಿಸಿಮಾಡುತ್ತೀರಿ. ದಯವಿಟ್ಟು ತಿಕ್ಕಬೇಡಿ. ಕಾಲಿನ ಒಳನಾಳದಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ, ಹೃದಯದ ಮೂಲಕ ಸಾಗಿ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡೀತು. ಅದು ಪ್ರಾಣಾಪಾಯ.

ಕೆಮ್ಮಿದರೆ ರಕ್ತ ಬೀಳುವ ರೋಗದಲ್ಲಿ ರಕ್ತ ಹೆಪ್ಪುಗಟ್ಟುವುದುಂಟೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೆಮ್ಮಿನಲ್ಲಿ ರಕ್ತ ಬೀಳುವುದು ರೋಗವು ಶ್ವಾಸಕೋಶದಲ್ಲಿ ನಾಳವನ್ನು ಕೊರೆದುದರಿಂದ, ರಕ್ತ ತೆಳುವಾದುದರಿಂದಲ್ಲ.

ಕುಡುಗೋಲು ತಾಗಿ ಬೆರಳು ಕುಯ್ದಾಗ ರಕ್ತ ತಾನಾಗಿಯೇ ನಿಲ್ಲುವುದಷ್ಟೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಗಾಯದ ಬಾಯಿಗೆ ಮುತ್ತುತ್ತವೆ. ಫೈಬ್ರಿನೊಜೆನ್ ಎಂಬ ಪದಾರ್ಥವು ಎಳೆ ಎಳೆಯಾಗಿ ಬಲೆ ಕಟ್ಟುತ್ತದೆ. ರೋಗಾಣು ಹೊಕ್ಕಾಗಲೂ ಶರೀರವು ಇದೇ ಉಪಾಯ ಹೂಡುತ್ತದೆ, ಅದು ಹರಡದಂತೆ ಹೆಪ್ಪಿನ ಕಟ್ಟೆ ಹಾಕುತ್ತದೆ. ನಾಲ್ಕು ದಿನದ ಜ್ವರದಲ್ಲಿ ಈ ಏರ್ಪಾಡು ಬೇಗ ಮುಗಿಯುವುದು. ಕ್ಷಯವಾದರೋ ತಿಂಗಳುಗಟ್ಟಲೆ ಒಳಗೇ ಕನಲುವ ರೋಗ. ಆ ಉರಿಯೂತದಿಂದಾಗಿ ಯಕೃತ್ತು ಫೈಬ್ರಿನೊಜೆನನ್ನು ಅಳತೆ ಮೀರಿ ತಯಾರಿಸುತ್ತದೆ, ಪ್ಲೇಟ್‌ಲೆಟ್‌ಗಳು ಹೆಚ್ಚುತ್ತವೆ, ಹೆಪ್ಪನ್ನು ತಡೆಯುವ ವಸ್ತುಗಳು ಇಳಿಯುತ್ತವೆ, ನಾಳದ ಒಳಮೈ ನುಣುಪು ಕಳೆದುಕೊಳ್ಳುತ್ತದೆ. ಎಲ್ಲ ರೋಗಿಗಳಿಗೂ ಕಾಲು ಬಾಯುತ್ತದೆಂದಲ್ಲ, ಕೆಲವರಿಗೆ ಮಾತ್ರ. ಆದರೆ ಮಲಗಿದಲ್ಲೇ ಇರುವವರಿಗೆ ಭಯ ಹೆಚ್ಚು. ನಡೆಯುವಾಗ ಮೀನಖಂಡವು ರಕ್ತವನ್ನು ಮೇಲಕ್ಕೆ ಒತ್ತುತ್ತದೆ, ಮಲಗಿದರೆ ಆ ಕೆಲಸ ನಿಲ್ಲುತ್ತದೆ.

ಕ್ಷಯಕ್ಕೆ ಹಾಸಿಗೆಯೇ ಔಷಧವೆಂಬ ಹಳೆಯ ನಂಬಿಕೆ ಇನ್ನೂ ಕೆಲವು ಮನೆಗಳಲ್ಲಿದೆ. ಮದರಾಸಿನಲ್ಲಿ 1956ರಲ್ಲಿ ತೊಡಗಿದ ಪರೀಕ್ಷೆಯು ಅದನ್ನು ಕಳೆದಿದೆ: ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾದರು. ಆದುದರಿಂದ ಶಕ್ತಿಯಿದ್ದಷ್ಟು ಅಂಗಳದಲ್ಲಿ ಅಡ್ಡಾಡಲಿ. ಆದರೆ ಕಾಲು ಬಾತ ಮೇಲೆ ವೈದ್ಯರು ಹೇಳಿದಂತೆ ನಡೆಯಬೇಕು.

ಒಂದು ಕಾಲು ಬಾತರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ; ಆಶಾ ಕಾರ್ಯಕರ್ತೆಯು ದಾರಿ ತೋರುವರು. ಏಕಾಏಕಿ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕ್ಷಯವಲ್ಲವೇ, ಇರುವುದೇ ಹೀಗೆಂದು ಸುಮ್ಮನಿರದೆ ಕೂಡಲೇ 108ಕ್ಕೆ ಕರೆಮಾಡಿ ದೊಡ್ಡಾಸ್ಪತ್ರೆಗೆ ಸಾಗಿಸಿ.

ಕ್ಷಯದ ಮಾತ್ರೆಯನ್ನು ನಿಲ್ಲಿಸಬಾರದು. ಚಿಕಿತ್ಸೆ ಸಾಗಿದಂತೆ ಉರಿಯೂತ ತಗ್ಗಿ, ರಕ್ತವೂ ತನ್ನ ಹದಕ್ಕೆ ಮರಳುತ್ತದೆ. ಹೆಪ್ಪಿಗೆ ವಾರ್ಫರಿನ್ ಮಾತ್ರೆ ಕೊಟ್ಟಿದ್ದರೆ ಎರಡೂ ಚೀಟಿಗಳನ್ನು ಒಬ್ಬರೇ ವೈದ್ಯರಿಗೆ ತೋರಿಸಿ. ಮೂತ್ರವನ್ನು ಕೆಂಪಗೆ ಮಾಡುವ ರಿಫಾಂಪಿಸಿನ್ ಔಷಧವು ವಾರ್ಫರಿನ್ನಿನ ಬಲ ಕುಂದಿಸುತ್ತದೆ. ಅದು ಮುಗಿದಾಗ ವಾರ್ಫರಿನ್ನಿನ ಬಲ ಏರಿ ರಕ್ತಸ್ರಾವವಾಗಬಹುದು. ಆಗ ರಕ್ತ ಪರೀಕ್ಷೆ ಮಾಡಿಸಿ ಅಳತೆಯನ್ನು ಮತ್ತೆ ಗೊತ್ತುಮಾಡಿಸಿಕೊಳ್ಳಬೇಕು.