ಕಜ್ಜಾಯವೂ ಕೈಗುಣವೂ

ದೀಪಾವಳಿಯು ಸಮೀಪಿಸಿತೆಂದರೆ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಒಂದು ವಿಧವಾದ ಕಳವಳವು ಹುಟ್ಟುವುದುಂಟು. ಎಣ್ಣೆನೀರಿಗೆ ಸೀಗೆಯ ಪುಡಿ ಇದೆಯೆ, ಮಕ್ಕಳಿಗೆ ಹೊಸ ಬಟ್ಟೆ ಬಂದಿತೆ ಎಂಬ ಚಿಂತೆಗಳೆಲ್ಲ ಹಣದಿಂದ ತೀರತಕ್ಕವು. ಹಣದಿಂದ ತೀರದ ಚಿಂತೆ ಒಂದುಂಟು: ಈ ವರುಷ ಕಜ್ಜಾಯ ಬರುವುದೋ, ಬಾರದೋ? ವಾಚಕರು ಈ ಮಾತಿನ ವೈಖರಿಯನ್ನು ಗಮನಿಸಬೇಕು. ಚಕ್ಕುಲಿಯನ್ನು ನಾವು ಮಾಡುತ್ತೇವೆ, ಲಾಡುವನ್ನು ಕಟ್ಟುತ್ತೇವೆ. ಕಜ್ಜಾಯ ಮಾತ್ರ ತಾನಾಗಿ "ಬರುತ್ತದೆ", ಇಲ್ಲವೆ "ಬರುವುದಿಲ್ಲ". ಮಳೆಯ ವಿಷಯದಲ್ಲಿ ಆಡುವಂತೆಯೇ ಆಡುತ್ತೇವೆ.

ಕೇದಾರೇಶ್ವರನ ವ್ರತವನ್ನು ಹಿಡಿದಿರುವ ಮನೆಗಳಲ್ಲಂತೂ ಈ ಕಳವಳವು ಇಮ್ಮಡಿ. ಆ ವ್ರತದಲ್ಲಿ ಎಲ್ಲಕ್ಕೂ ಇಪ್ಪತ್ತೊಂದರ ಲೆಕ್ಕ. ದಾರಕ್ಕೆ ೨೧ ಎಳೆ, ವೀಳ್ಯದೆಲೆ ೨೧, ನೈವೇದ್ಯದ ಕಜ್ಜಾಯವೂ ೨೧. ಒಡೆದದ್ದು, ಸೀದದ್ದು, ಎಣ್ಣೆಯಲ್ಲಿ ಕರಗಿ ಅಂಚು ಕಳೆದುಕೊಂಡದ್ದು ಲೆಕ್ಕಕ್ಕೆ ಸೇರದು. ಬಾಣಲೆಯಲ್ಲಿ ಕಜ್ಜಾಯ ಒಡೆಯಿತೆಂದರೆ ಮನೆಯವರು ಮೊದಲು ಹುಡುಕುವುದು ಬೆಲ್ಲದ ದೋಷವನ್ನಲ್ಲ, ಹೆಂಗಸಿನ ದೋಷವನ್ನು. ಮಡಿ ಕೆಟ್ಟಿರಬೇಕು, ಯಾರದೋ ಕಣ್ಣು ತಾಗಿರಬೇಕು, ಮನಸ್ಸಿನಲ್ಲಿ ಭಕ್ತಿ ಇದ್ದಿರಲಾರದು. ಇವಾವುವೂ ಹೊಂದದಿದ್ದರೆ ಕಟ್ಟಕಡೆಯ ತೀರ್ಪು ಸಿದ್ಧವಾಗಿಯೇ ಇದೆ: "ಅವಳ ಕೈಗುಣವೇ ಅಷ್ಟು." ಇದಕ್ಕೆ ಮೇಲ್ಮನವಿಯಿಲ್ಲ.

ನನಗೆ ಈ ತೀರ್ಪು ಸಿಕ್ಕಿದ್ದು ೧೯೮೧ರಲ್ಲಿ. ಮದುವೆಯಾದ ವರ್ಷದ ದೀಪಾವಳಿಯು ತವರಿನಲ್ಲಿ, ಅಳಿಯನ ಉಪಚಾರದ ಗಡಿಬಿಡಿಯಲ್ಲಿ ಕಳೆದುಹೋಗಿತ್ತು. ಎರಡನೆಯ ವರ್ಷದ್ದು ಅತ್ತೆಯ ಮನೆಯಲ್ಲಿ. ನಮ್ಮ ಅತ್ತೆಯವರು ಅಡುಗೆಯಲ್ಲಿ ಬಹು ನಿಪುಣರು. ಅವರ ಹೋಳಿಗೆಯ ಕಣಕವು ವೀಳ್ಯದೆಲೆಯಷ್ಟು ತೆಳುವಾಗಿರುತ್ತಿತ್ತು. ಆದರೆ ಕಜ್ಜಾಯದ ಹಿಟ್ಟನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಪ್ರತಿ ವರ್ಷವೂ ಬಂಧುಗಳೊಬ್ಬರು ಬಂದು ಮಾಡಿಕೊಟ್ಟು ಹೋಗುವ ವಾಡಿಕೆಯಿತ್ತು. ಆ ವರ್ಷ ಅವರಿಗೆ ಮೈ ಸ್ವಸ್ಥವಿರಲಿಲ್ಲ. ನಾನು ಹೊಸ ಸೊಸೆಯ ಹುಮ್ಮಸ್ಸಿನಿಂದ "ನಾನೇ ಮಾಡುತ್ತೇನೆ" ಎಂದೆನು. ಗಿರಣಿಗೆ ಅಕ್ಕಿಯನ್ನು ಕಳುಹಿಸಿ ನುಣ್ಣಗೆ ಬೀಸಿಸಿ ತರಿಸಿದೆ. ಬೆಲ್ಲವನ್ನು ಕರಗಿಸಿ, ಕುದಿ ಬಂದೊಡನೆ ಹಿಟ್ಟನ್ನು ಸುರಿದು ಕಲಸಿದೆ. ಮುದ್ದೆ ನೋಡುವುದಕ್ಕೆ ಲಕ್ಷಣವಾಗಿಯೇ ಇತ್ತು. ತಟ್ಟಿ ಎಣ್ಣೆಗೆ ಬಿಟ್ಟೆನೋ ಇಲ್ಲವೋ, ಸುತ್ತಲೂ ನೊರೆಯೆದ್ದು ನುಚ್ಚು ಚೆಲ್ಲಿದಂತೆ ಎಣ್ಣೆಯ ತುಂಬ ಹರಡಿಕೊಂಡಿತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಮನೆಯ ಹಿರಿಯರೊಬ್ಬರು ನಡುಮನೆಯಿಂದಲೇ ಕೈಗುಣದ ಮಾತನ್ನೆತ್ತಿದರು. ಅತ್ತೆಯವರು ಬಾಗಿಲ ಬಳಿ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಆದರೆ ಅವರ ಮುಖವು ನನ್ನದಕ್ಕಿಂತಲೂ ಹೆಚ್ಚಾಗಿ ಬಿಳಿಚಿಕೊಂಡಿತ್ತು. ಏತಕ್ಕೆಂಬುದು ನನಗೆ ಆಗ ತಿಳಿಯಲಿಲ್ಲ.

ಹಿತ್ತಲ ಕಡೆಯ ಮನೆಯ ಅಜ್ಜಿಯೊಬ್ಬರು ವಾಸನೆ ಹಿಡಿದು ಬಂದರು. ಯಾರನ್ನೂ ಏನನ್ನೂ ಕೇಳದೆ ಉಳಿದಿದ್ದ ಹಿಟ್ಟನ್ನು ಒಂದು ಹಿಡಿ ತೆಗೆದು ಅಮುಕಿ ನೋಡಿದರು. ಅದು ಬೂದಿಯಂತೆ ಬೆರಳ ಸಂದಿಯಿಂದ ಸೋರಿತು. "ಈ ಹಿಟ್ಟಿಗೆ ಬಾಯಾರಿಕೆಯಾಗಿದೆಯಲ್ಲೇ" ಎಂದರು. ಬಳಿಕ ಸಂಜೆಯ ಪೂಜೆಗೆ ಇನ್ನೂ ಹೊತ್ತಿದೆಯೆಂದು ಹೇಳಿ ಹೊಸದಾಗಿ ಅಕ್ಕಿಯನ್ನು ನೆನೆಹಾಕಿಸಿದರು. ಅಂದು ಇಪ್ಪತ್ತೊಂದು ಕಜ್ಜಾಯಗಳು ದೇವರ ಮುಂದೆ ಬಂದವು. ಕೈ ನನ್ನದೇ, ಬೆಳಗಿನದೇ. ಗುಣವು ಬದಲಾದದ್ದು ಹಿಟ್ಟಿನದು, ಪಾಕದ್ದು.

ಕಜ್ಜಾಯವು ನಮ್ಮ ನಾಡೊಂದರ ಸೊತ್ತಲ್ಲ. ನಮ್ಮಲ್ಲಿಯೇ ಇದನ್ನು ಅತ್ತಿರಸ, ಅತಿರಸ ಎಂದೂ ಕರೆಯುತ್ತಾರೆ. ತಮಿಳರದು ಅದಿರಸಂ, ತೆಲುಗರದು ಅರಿಸೆಲು, ಮರಾಠಿಗರ ಅನಾರಸವು ಇದರ ದಾಯಾದಿ. ತಿರುಮಲೆಯ ದೇವಸ್ಥಾನದಲ್ಲಿರುವ ವಿಜಯನಗರ ಕಾಲದ ಶಾಸನಗಳಲ್ಲಿ ನೈವೇದ್ಯಗಳ ಪಟ್ಟಿಯೊಳಗೆ ಅತಿರಸದ ಪಡಿಯೂ ಬರುತ್ತದೆ. ದತ್ತಿ ಬಿಟ್ಟವರು ಇಂತಿಂತಹ ಪಡಿ ನಡೆಯಬೇಕೆಂದು ಕಲ್ಲಿನಲ್ಲಿ ಕೆತ್ತಿಸಿದರು. ಪಾಕದ ಹದವನ್ನು ಮಾತ್ರ ಯಾರೂ ಕೆತ್ತಿಸಲಿಲ್ಲ. ಅದು ಮಡಪ್ಪಳ್ಳಿಯವರ ಬೆರಳಿನಲ್ಲಿಯೇ ಉಳಿಯಿತು. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಯಿತೆನ್ನಬೇಕು. ಬಲ್ಲವರು ಬಾಯಿಬಿಟ್ಟು ಹೇಳಲಿಲ್ಲ, ಅರಿಯದವರು ಕೇಳುವುದಕ್ಕೆ ನಾಚಿದರು.

ಈಗ ಅಜ್ಜಿಯವರಿಂದ ಕಲಿತುದನ್ನೂ, ಆಮೇಲೆ ನಾನಾಗಿ ಕೆಡಿಸಿ ಕೆಡಿಸಿ ಕಲಿತುದನ್ನೂ ಬರೆಯುತ್ತೇನೆ. ಒಂದು ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ. ಸಿಹಿಯು ಹೆಚ್ಚಿರಲೆಂದು ಬೆಲ್ಲವನ್ನು ಏರಿಸುವವರು ಎಣ್ಣೆಯಲ್ಲಿ ಕಜ್ಜಾಯವನ್ನು ಹುಡುಕಬೇಕಾದೀತು.

ಅಕ್ಕಿಯು ಬೆಳ್ತಿಗೆಯದಾಗಿರಬೇಕು, ಕುಸುಬಲಕ್ಕಿಯು ಕೂಡದು. ತೊಳೆದು ಒಂದು ರಾತ್ರಿ ನೆನೆಹಾಕುವುದು ಉತ್ತಮ. ಅವಸರವಿದ್ದಲ್ಲಿ ಮೂರು ನಾಲ್ಕು ಗಂಟೆಯಾದರೂ ಬೇಕು. ಅನಾರಸಕ್ಕೆ ಮರಾಠಿಗರು ದಿನದಿನವೂ ನೀರನ್ನು ಬದಲಾಯಿಸುತ್ತ ಮೂರು ದಿನ ನೆನೆಸುತ್ತಾರೆ. ನೆನೆದ ಅಕ್ಕಿಯನ್ನು ಬಸಿದು ಬಟ್ಟೆಯ ಮೇಲೆ, ನೆರಳಿನಲ್ಲಿ ಹರಡಿ, ಮೇಲಿನ ನೀರು ಮಾತ್ರ ಆರುವಂತೆ ಬಿಡತಕ್ಕದ್ದು. ಬಿಸಿಲು ತೋರಿಸಿದಿರೋ, ಕೆಟ್ಟಿತು. ಕಾಳನ್ನು ಮುಟ್ಟಿದರೆ ಕೈಗೆ ನೀರು ಹತ್ತಕೂಡದು, ಆದರೆ ತಂಪು ಹತ್ತಬೇಕು. ಆಗಲೇ ಕುಟ್ಟಿ ಜರಡಿ ಹಿಡಿಯಬೇಕು; ಉಳಿದ ತರಿಯನ್ನು ಮತ್ತೆ ಕುಟ್ಟಬೇಕು. ಹಿಂದೆ ಒರಳು ಒನಕೆಗಳಿದ್ದುವು. ಈಗ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿದರೂ ಅಡ್ಡಿಯಿಲ್ಲ. ಹೆಚ್ಚು ಹೊತ್ತು ತಿರುಗಿಸಿದರೆ ಹಿಟ್ಟು ಬಿಸಿಯೇರಿ ತೇವವು ಹಾರಿಹೋಗುವುದು. ಕೂಡಲೆ ಪಾಕಕ್ಕೆ ಹಾಕದಿದ್ದರೆ ಒದ್ದೆಯ ಬಟ್ಟೆಯನ್ನು ಮುಚ್ಚಿಡಿರಿ. ಹಿಡಿಯಲ್ಲಿ ಅಮುಕಿದಾಗ ಹಿಟ್ಟು ಮುದ್ದೆಯಾಗಿ ನಿಂತು, ಬೆರಳಿನಿಂದ ಮುಟ್ಟಿದೊಡನೆ ಉದುರಬೇಕು. ಇದೇ ಪರೀಕ್ಷೆ.

ಅಜ್ಜಿಯು ಬಾಯಾರಿಕೆಯೆಂದು ಹೇಳಿದ್ದಕ್ಕೆ ಕಾರಣವು ಸರಳವಾದದ್ದು. ಅಂಗಡಿಯಿಂದ ತಂದ ಒಣ ಅಕ್ಕಿಯಲ್ಲಿ ನೂರಕ್ಕೆ ೧೨ರಿಂದ ೧೪ ಪಾಲು ನೀರಿರುತ್ತದೆ. ಚೆನ್ನಾಗಿ ನೆನೆದ ಅಕ್ಕಿಯಲ್ಲಿ ಅದು ಸುಮಾರು ೩೦ ಪಾಲು. ಒಣಹಿಟ್ಟು ಪಾಕಕ್ಕೆ ಬಿದ್ದರೆ ತನ್ನ ದಾಹಕ್ಕೆ ಪಾಕದ ನೀರನ್ನೇ ಹೀರಿಕೊಳ್ಳುವುದು, ಮುದ್ದೆಯು ಬಿರುಕುಬಿಡುವುದು. ಅದನ್ನು ಕಂಡು ಹೆದರಿದವರು ಮರುಸಲ ಎಳೆಯ ಪಾಕವನ್ನೇ ಹಾಕಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ನಾನು ಮಾಡಿದ್ದೂ ಇದನ್ನೇ. ಎಣ್ಣೆಯ ಕಾವಿಗೆ ಆ ನೀರು ಒಮ್ಮೆಗೇ ಆವಿಯಾಗಿ ನುಗ್ಗಿದಾಗ, ಹಿಟ್ಟಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಎಲ್ಲಿಂದ ಬರಬೇಕು?

ಇನ್ನು ಬೆಲ್ಲ. ಬೆಳ್ಳಗೆ ಹೊಳೆಯುವ ಬೆಲ್ಲವನ್ನು ಕಂಡು ಮರುಳಾಗತಕ್ಕದ್ದಲ್ಲ. ಬಣ್ಣಕ್ಕಾಗಿ ಅದಕ್ಕೆ ಗಂಧಕದ ಲವಣಗಳನ್ನು ಬೆರೆಸುವುದುಂಟು. ಕಂದು ಬಣ್ಣದ, ಒಡೆದರೆ ಒಳಗೆ ಹರಳು ಕಾಣುವ ಬೆಲ್ಲವು ಲೇಸು. ಹಳತಾಗಿ ನೀರೊಡೆದು ಹುಳಿಗೆ ತಿರುಗಿದ ಬೆಲ್ಲದಿಂದ ಎಂತಹ ನಿಪುಣೆಗೂ ಕಜ್ಜಾಯ ಬಾರದು. ಅದರೊಳಗಿನ ಸಕ್ಕರೆಯ ಒಂದು ಭಾಗವು ಒಡೆದು ಬೇರೆ ಸಕ್ಕರೆಗಳಾಗಿರುತ್ತದೆ. ಪಾಕವು ಎಷ್ಟು ಕಾಯಿಸಿದರೂ ಅಂಟಾಗಿರುವುದೇ ಹೊರತು ಗಟ್ಟಿಗೊಳ್ಳದು. ಎಷ್ಟು ಮಂದಿ ಹೆಂಗಸರು ಅಂಗಡಿಯವನ ಹಳೆಯ ಬೆಲ್ಲದ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತಿರುವರೋ!

ಬೆಲ್ಲವನ್ನು ಪುಡಿಮಾಡಿ, ಅದು ನೆನೆಯುವಷ್ಟೇ ನೀರು ಹಾಕಿ ಕರಗಿಸಿ, ಮರಳು ಕಸ ಹೋಗುವಂತೆ ಶೋಧಿಸಿ, ದಪ್ಪ ತಳದ ಪಾತ್ರೆಯಲ್ಲಿ ಮತ್ತೆ ಒಲೆಗಿಡಿರಿ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರಲಿ. ಮೊದಲು ಎದ್ದ ದೊಡ್ಡ ಗುಳ್ಳೆಗಳು ಸಣ್ಣವಾಗಿ ಒತ್ತೊತ್ತಾಗಿ ಏಳತೊಡಗಿದಾಗ ಒಂದು ತೊಟ್ಟನ್ನು ನೀರಿಗೆ ಬಿಡಿರಿ. ಕರಗಿ ಹರಡಿದರೆ ಪಾಕವು ಎಳೆಯದು. ತಳದಲ್ಲಿ ನಿಂತು, ಬೆರಳಿನಿಂದ ಒಟ್ಟುಗೂಡಿಸಿದರೆ ಬೆಣ್ಣೆಯಂತೆ ಮೆತ್ತನೆಯ ಉಂಡೆಯಾಗಿ ಎತ್ತುವುದಕ್ಕೆ ಬಂದರೆ ಅದೇ ಹದ. ಉಂಡೆಯನ್ನು ಬಟ್ಟಲಿಗೆ ಹೊಡೆದಾಗ ಟಣ್ಣೆಂದರೆ ಹದ ಮೀರಿತು; ಅದು ಕಡಲೆಮಿಠಾಯಿಗೆ ಆದೀತು. ಉಷ್ಣಮಾಪಕವುಳ್ಳವರಿಗೆ ಲೆಕ್ಕವೂ ಉಂಟು: ಮೆತ್ತನೆಯ ಉಂಡೆಯ ಪಾಕವು ಸೆಂಟಿಗ್ರೇಡಿನ ೧೧೨ರಿಂದ ೧೧೬ ಡಿಗ್ರಿಗಳ ನಡುವೆ ಬರುತ್ತದೆ. ನೀರು ಇಂಗಿದಷ್ಟೂ ಪಾಕದ ಕಾವು ಏರುವುದು. ಈ ಹಂತದಲ್ಲಿ ನೂರಕ್ಕೆ ಸುಮಾರು ೮೫ ಪಾಲು ಸಕ್ಕರೆಯೇ ಆಗಿರುತ್ತದೆ. ಎಳೆಯದಕ್ಕೂ ಮೀರಿದ್ದಕ್ಕೂ ನಡುವಣ ಕಾಲವು ಬಹು ಸ್ವಲ್ಪ. ಆಗ ಬಾಗಿಲಲ್ಲಿ ಯಾರು ಬಂದು ಕರೆದರೂ ಓಗೊಡಬಾರದು. ಮಾತಾಡುತ್ತ ನಿಂತು ಪಾಕ ಕೆಡಿಸಿಕೊಂಡವರು, ಕರೆದವರ ಕಣ್ಣು ತಾಗಿತೆಂದು ಆಮೇಲೆ ಹೇಳುವರು.

ಹದ ಕಂಡೊಡನೆ ಕೆಳಗಿಳಿಸಿ, ಏಲಕ್ಕಿಯ ಪುಡಿ, ಹುರಿದ ಎಳ್ಳು, ಬೇಕಿದ್ದರೆ ಚಿಟಿಕೆ ಒಣಶುಂಠಿ ಹಾಕಿ, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಒಂದೇ ಸಮನೆ ತಿರುವಬೇಕು. ಎಲ್ಲ ಹಿಟ್ಟೂ ಹಿಡಿಯಲೇಬೇಕೆಂಬ ಹಟ ಬೇಡ. ಸೌಟಿನಿಂದ ಮೆಲ್ಲನೆ ಜಾರುವಷ್ಟು ಸಡಿಲವಿದ್ದಾಗ ನಿಲ್ಲಿಸಿರಿ. ಆರಿದ ಮೇಲೆ ಅದೇ ಗಟ್ಟಿಯಾಗುವುದು. ಮೇಲೆ ಒಂದು ಚಮಚ ತುಪ್ಪ ಸವರಿ, ಮುಚ್ಚಿ, ಕಡಿಮೆಯೆಂದರೆ ಒಂದು ರಾತ್ರಿ ಬಿಡಬೇಕು. ಎರಡು ಮೂರು ದಿನ ಬಿಟ್ಟರೆ ಇನ್ನೂ ಲೇಸು. ಹಿಟ್ಟಿನ ತೇವವೂ ಪಾಕದ ತೇವವೂ ಸಮವಾಗಿ ಹಂಚಿಕೊಳ್ಳುವುದಕ್ಕೆ ಈ ಕಾಲವು ಬೇಕು. ನಾನು ಮೊದಲ ಸಲ ಪೂಜೆಯ ಅವಸರದಲ್ಲಿ ಕಾಯಲಿಲ್ಲ. ಕಜ್ಜಾಯ ಒಡೆಯಲಿಲ್ಲವಾದರೂ ಮರುದಿನ ಸ್ವಲ್ಪ ಬಿರುಸಾಗಿತ್ತು.

ಕರಿಯುವ ಕೆಲಸವು ಇಷ್ಟು ಕಷ್ಟದ್ದಲ್ಲ. ನಿಂಬೆಯ ಗಾತ್ರದ ಉಂಡೆಯನ್ನು ತುಪ್ಪ ಸವರಿದ ಬಾಳೆಯೆಲೆಯ ಮೇಲೆ ಕಾಲಂಗುಲ ದಪ್ಪಕ್ಕೆ ತಟ್ಟಿ, ಬೇಕಾದವರು ಒಂದು ಮೈಗೆ ಗಸಗಸೆ ಒತ್ತಿ, ಹದವಾಗಿ ಕಾದ ಎಣ್ಣೆಗೆ ಅಥವಾ ತುಪ್ಪಕ್ಕೆ ಒಂದೊಂದಾಗಿ ಬಿಡುವುದು. ಉರಿಯು ಮಧ್ಯಮವಾಗಿರಲಿ. ಹೆಚ್ಚಿದರೆ ಬೆಲ್ಲವು ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುವುದು. ತಗ್ಗಿದರೆ ಎಣ್ಣೆ ಕುಡಿದು ಕರಗುವುದು. ತೇಲಿ ಉಬ್ಬಿದ ಮೇಲೆ ಒಮ್ಮೆ ಮಗುಚಿ, ಕೆಂಪಾದೊಡನೆ ಎತ್ತಿ, ಎರಡು ಜಾಲರಿ ಸೌಟುಗಳ ನಡುವೆ ಅದುಮಿ ಎಣ್ಣೆ ಹಿಂಡಬೇಕು.

ಮೊದಲನೆಯದು ಕೆಟ್ಟರೆ ಗಾಬರಿಯಾಗಬೇಡಿರಿ, ಬಾಣಲೆಯನ್ನು ಇಳಿಸಿಬಿಡಿರಿ. ಎಣ್ಣೆಯಲ್ಲಿ ಕರಗಿತಾದರೆ ಪಾಕವು ಎಳೆಯದು. ಮುದ್ದೆಗೆ ಉಳಿಸಿಟ್ಟ ತೇವದ ಹಿಟ್ಟನ್ನು ಸೇರಿಸಿ ಮಿದಿಯಿರಿ. ತಟ್ಟುವಾಗ ಬಿರುಕುಬಿಟ್ಟು, ಕರಿದರೆ ಕಲ್ಲಾಯಿತಾದರೆ ಪಾಕವು ಮೀರಿದೆ. ಉಗುರುಬೆಚ್ಚಗಿನ ಹಾಲನ್ನು ಚಿಮುಕಿಸಿಯೋ, ಕಳಿತ ಬಾಳೆಹಣ್ಣನ್ನು ಹಿಸುಕಿಯೋ ಮಿದಿಯಿರಿ. ಹಾಲು ಹಣ್ಣು ಸೇರಿದ್ದು ಬಹುದಿನ ನಿಲ್ಲದು, ಬೇಗ ತಿಂದು ಮುಗಿಸಬೇಕು; ಮಕ್ಕಳಿರುವ ಮನೆಯಲ್ಲಿ ಇದೇನೂ ತೊಂದರೆಯಲ್ಲ. ಸರಿಯಾಗಿ ಬಂದುದು ಒಣ ಡಬ್ಬಿಯಲ್ಲಿ ಎರಡು ಮೂರು ವಾರ ಕೆಡದೆ ಇರುತ್ತದೆ.

೧೯೮೨ರಲ್ಲಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಾನು ಪಾಕಕ್ಕೆ ಇಟ್ಟಿದ್ದೆ. ಅತ್ತೆಯವರು ಎಂದಿನಂತೆ ಬಾಗಿಲ ಬಳಿ ನಿಂತಿದ್ದವರು, ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, "ಆ ನೀರಿನ ಬಟ್ಟಲನ್ನು ನಾನು ನೋಡಲೆ?" ಎಂದು ಕೇಳಿದರು. ಆಗ ತಿಳಿಯಿತು. ಅವರೂ ಹದಿನಾಲ್ಕು ವರ್ಷದ ಸೊಸೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಕಜ್ಜಾಯಕ್ಕೆ ಕೈಯಿಟ್ಟಿದ್ದರು, ಅದು ಕರಗಿತ್ತು, ಕೈಗುಣವಿಲ್ಲವೆಂದು ಹಿರಿಯರು ತೀರ್ಪಿತ್ತಿದ್ದರು. ಮೂವತ್ತಕ್ಕೂ ಹೆಚ್ಚು ದೀಪಾವಳಿಗಳನ್ನು ಅವರು ಬಾಗಿಲ ಬಳಿಯೇ ಕಳೆದಿದ್ದರು. ತೊಟ್ಟನ್ನು ನೀರಿಗೆ ಬಿಟ್ಟು, ಎರಡು ಬೆರಳಿನಿಂದ ಉಂಡೆ ಮಾಡಿ, ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ಇಷ್ಟೇಯೆ?" ಎಂದರು.

ಅವರ ಧ್ವನಿಯಲ್ಲಿ ಸಂತೋಷವಿತ್ತೋ ಕೋಪವಿತ್ತೋ ನನಗೆ ಇಂದಿಗೂ ಹೇಳಲಾಗದು. ಪಾಕವು ಹದ ಮೀರುವುದೆಂದು ನಾನು ಕೂಗಿಕೊಳ್ಳಬೇಕಾಯಿತು. ಅಂದಿನಿಂದ ಅವರು ಕೈಯಾಡುವವರೆಗೂ ಪ್ರತಿ ವರ್ಷದ ಪಾಕವು ಅವರದೇ ಆಯಿತು. ನನ್ನನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಬಾಳೆಯೆಲೆಯ ಮುಂದೆ ಕೂರಿಸಿ ತಟ್ಟಿಕೊಡುವುದಕ್ಕೆ ಇಟ್ಟುಕೊಂಡಿದ್ದರು.